ಹಳೆಯ ಮೂಳೆ ಮತ್ತು ಉದ್ದನೆಯ ಪಟ್ಟಿ

ಮೂಳೆಯ ಪ್ರೋಟೀನ್ ವಿಶ್ಲೇಷಣೆಯ ವರದಿ ಕೈಸೇರಿದೊಡನೆ ಬಹುತೇಕರು ಕೇಳುವುದು ಒಂದೇ ಪ್ರಶ್ನೆ: ಒಟ್ಟು ಎಷ್ಟು ಪ್ರೋಟೀನುಗಳು ಸಿಕ್ಕಿವೆ? ಸಂಖ್ಯೆ ದೊಡ್ಡದಾಗಿದ್ದರೆ ಮುಖ ಅರಳುತ್ತದೆ. ಬೆರಳೆಣಿಕೆಯಷ್ಟಿದ್ದರೆ ಪ್ರಯೋಗವೇ ಕೆಟ್ಟಿತೆಂದು ಭಾವಿಸುತ್ತಾರೆ. ತಾಜಾ ಮೂಳೆಯ ಮಟ್ಟಿಗೆ ಈ ಎಣಿಕೆಗೆ ಅಷ್ಟಿಷ್ಟು ಅರ್ಥವುಂಟು. ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಮೂಳೆಯಿಂದ ಉದ್ದನೆಯ ಪಟ್ಟಿ ಬಂದರೆ ನನಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚು.

ತಾಜಾ ಮೂಳೆಯಲ್ಲಿ ರಕ್ತ, ಮಜ್ಜೆ, ಜೀವಕೋಶಗಳೆಲ್ಲ ಇರುವುದರಿಂದ ಹಿಮೋಗ್ಲೋಬಿನ್, ಆಲ್ಬುಮಿನ್ ಮೊದಲಾದವು ಧಾರಾಳವಾಗಿ ದೊರೆಯುತ್ತವೆ. ಕಾಲ ಕಳೆದಂತೆ ಅವುಗಳಲ್ಲಿ ಹೆಚ್ಚಿನವು ನಾಶವಾಗುತ್ತವೆ. ದೀರ್ಘಕಾಲ ಉಳಿಯುವುದು ಮುಖ್ಯವಾಗಿ ಖನಿಜದೊಂದಿಗೆ ಬೆಸೆದುಕೊಂಡಿರುವ ಕೊಲಾಜೆನ್. ಮೂಳೆಯ ಪ್ರೋಟೀನಿನಲ್ಲಿ ಅದರ ಪಾಲು ಸುಮಾರು ಶೇ. 90. ಅದರ ಜೊತೆಗೆ ಖನಿಜಕ್ಕೆ ಅಂಟಿಕೊಳ್ಳುವ ಗುಣವುಳ್ಳ ಫೆಟುಯಿನ್-ಎ, ಆಸ್ಟಿಯೋಕ್ಯಾಲ್ಸಿನ್‌ನಂಥ ಕೆಲವು ಸಿಕ್ಕರೆ ಅದೃಷ್ಟ. ದುರ್ಬಲ ಆಮ್ಲ ಅಥವಾ ಕ್ಯಾಲ್ಸಿಯಂ ಸೆಳೆದುಕೊಳ್ಳುವ ರಾಸಾಯನಿಕವಾದ ಇಡಿಟಿಎಯಿಂದ ಖನಿಜವನ್ನು ಕರಗಿಸುವುದು, ಬಿಸಿ ಮಾಡಿ ಕೊಲಾಜೆನನ್ನು ದ್ರಾವಣಕ್ಕೆ ತರುವುದು, ಪ್ರೋಟೀನನ್ನು ತುಂಡರಿಸುವ ಕಿಣ್ವವಾದ ಟ್ರಿಪ್ಸಿನ್‌ನಿಂದ ಕತ್ತರಿಸುವುದು ಎಲ್ಲರಿಗೂ ಗೊತ್ತಿರುವ ಹಂತಗಳು. ಅವುಗಳ ಬಗ್ಗೆ ಇಲ್ಲಿ ಹೇಳುವುದಿಲ್ಲ.

ಹೇಳಬೇಕಾದದ್ದು ಇದು: ಪೆಪ್ಟೈಡ್, ಅಂದರೆ ಕತ್ತರಿಸಿದ ಪ್ರೋಟೀನಿನ ತುಣುಕು, ಎಲ್ಲಿಂದ ಬಂತೆಂಬುದು ಆ ತುಣುಕುಗಳ ದ್ರವ್ಯರಾಶಿ ಅಳೆಯುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರಿಗೆ ತಿಳಿಯದು. ಕೈಯ ಚರ್ಮದ ಕೆರಾಟಿನ್, ಸ್ವೆಟರಿನ ಉಣ್ಣೆಯ ಕೆರಾಟಿನ್, ಪ್ರಯೋಗಾಲಯದ ಹಸುವಿನ ಆಲ್ಬುಮಿನ್, ಹಾಲಿನ ಕೇಸೀನ್, ಮಣ್ಣಿನ ಬ್ಯಾಕ್ಟೀರಿಯಾಗಳ ಪ್ರೋಟೀನುಗಳು, ಕತ್ತರಿಸಲು ನಾವೇ ಸುರಿದ ಟ್ರಿಪ್ಸಿನ್ ಎಲ್ಲವೂ ಪಟ್ಟಿಯಲ್ಲಿ ಒಂದೇ ಗೌರವದಿಂದ ಕುಳಿತಿರುತ್ತವೆ. ಒಬ್ಬ ಉತ್ಸಾಹಿ ವಿದ್ಯಾರ್ಥಿ ಕುರಿಯ ಕೆರಾಟಿನ್ ಸಿಕ್ಕಿತೆಂದು ಮೂಳೆಯೂ ಕುರಿಯದೇ ಎಂದು ಬರೆದು ತಂದಿದ್ದರು. ಪ್ರಾಣಿಯಿಂದ ಪ್ರಾಣಿಗೆ ತುಸು ಬದಲಾಗುವ ಕೊಲಾಜೆನ್ ಸ್ಪಷ್ಟವಾಗಿ ಜಿಂಕೆಯ ಕಡೆಗೆ ಬೊಟ್ಟು ಮಾಡುತ್ತಿತ್ತು. ಅವರ ಉತ್ಸಾಹ ನನಗೆ ಇಷ್ಟವೇ, ಆದರೆ ಕೆರಾಟಿನ್ ಮೂಳೆಯ ಪ್ರೋಟೀನಲ್ಲವೆಂಬುದನ್ನು ಅವರಿಗೆ ಮನದಟ್ಟು ಮಾಡಿಸಲು ಮಧ್ಯಾಹ್ನವೆಲ್ಲ ಹಿಡಿಯಿತು.

ಇನ್ನೂ ಕಷ್ಟದ ಪ್ರಕರಣ ಅಂಟಿನದು. ಹಳೆಯ ಸಂಗ್ರಹಗಳಲ್ಲಿ ಒಡೆದ ಮೂಳೆಗಳನ್ನು ಪ್ರಾಣಿಜನ್ಯ ಅಂಟಿನಿಂದ ಜೋಡಿಸಿರುವುದುಂಟು. ಆ ಅಂಟೂ ಮೂಲತಃ ಕೊಲಾಜೆನ್ನೇ. ಹಸುವಿನ ಗುರುತು ಬಂದರೆ ಅದು ಮೂಳೆಯದೋ ಅಂಟಿನದೋ ಎಂದು ಒಂದೇ ಪರೀಕ್ಷೆಯಿಂದ ಹೇಳಲು ನಾನು ಒಪ್ಪುವುದಿಲ್ಲ. ಹಳೆಯ ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳಾದ ಗ್ಲುಟಮಿನ್ ಮತ್ತು ಆಸ್ಪರಾಜಿನ್‌ಗಳು ಅಮೈಡ್ ಗುಂಪನ್ನು ಕಳೆದುಕೊಂಡು ದ್ರವ್ಯರಾಶಿಯಲ್ಲಿ ಸುಮಾರು 0.98 ಡಾಲ್ಟನ್ (ಹೆಚ್ಚುಕಡಿಮೆ ಒಂದು ಹೈಡ್ರೋಜನ್ ಪರಮಾಣುವಿನಷ್ಟು) ಹೆಚ್ಚುವುದು ಸಹಾಯಕ ಸುಳಿವು. ಆದರೆ ಈ ಬದಲಾವಣೆಯ ವೇಗ ಉಷ್ಣತೆ, ತೇವ, ಆಮ್ಲೀಯತೆಗಳನ್ನು ಅವಲಂಬಿಸಿರುವುದರಿಂದ ಅದನ್ನು ವಯಸ್ಸಿನ ಅಳತೆಯಾಗಿ ಬಳಸಲಾಗದು.

ಕಡಿಮೆ ಸಿಕ್ಕಿತೆಂದು ಬೇಸರಿಸುವವರಿಗೆ ಸೈಬೀರಿಯಾದ ಡೆನಿಸೋವಾ ಗುಹೆಯ ಉದಾಹರಣೆ ಕೊಡುತ್ತೇನೆ. ಆಕಾರದಿಂದ ಗುರುತಿಸಲಾಗದ 2,000ಕ್ಕೂ ಹೆಚ್ಚು ಮೂಳೆ ಚೂರುಗಳ ಕೊಲಾಜೆನ್ ಪೆಪ್ಟೈಡುಗಳನ್ನಷ್ಟೇ ನೋಡಿ, ಒಂದು ಚೂರು ಮಾನವ ಕುಲಕ್ಕೆ ಸೇರಿದ್ದೆಂದು 2016ರಲ್ಲಿ ಪ್ರಕಟಿಸಲಾಯಿತು. ಆ ಚೂರು ಒಬ್ಬ ಹೆಣ್ಣಿನದು, ಆಕೆಯ ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್ (ಎರಡೂ ಅಳಿದುಹೋದ ಮಾನವ ಗುಂಪುಗಳು) ಎಂಬುದು 2018ರಲ್ಲಿ ಡಿಎನ್‌ಎಯಿಂದ ತಿಳಿಯಿತು. ಕೊಲಾಜೆನ್ ಅಷ್ಟು ಸೂಕ್ಷ್ಮವಾದುದನ್ನು ಹೇಳಲಾರದು. ಆದರೆ ಯಾವ ಚೂರಿಗೆ ಡಿಎನ್‌ಎ ಪರೀಕ್ಷೆ ಮಾಡಬೇಕೆಂದು ತೋರಿಸಿದ್ದು ಆ ಒಂದು ಪ್ರೋಟೀನೇ.

ಹಾಗಾಗಿ ಮೂಳೆ ಕಳುಹಿಸುವವರಲ್ಲಿ ವಿನಂತಿ: ಅದಕ್ಕೆ ಯಾವ ಅಂಟು, ಯಾವ ಲೇಪನ ತಗಲಿದೆಯೆಂದು ಬರೆದು ಕಳುಹಿಸಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಿರಿ. ಸಾಧ್ಯವಾದರೆ ಸುತ್ತಲಿನ ಮಣ್ಣನ್ನೂ ಒಂದು ಚಿಟಿಕೆ ಬೇರೆಯಾಗಿ ಕೊಡಿ. ಮೂಳೆಯಿಲ್ಲದೆ ನಡೆಸಿದ ಖಾಲಿ ಪ್ರಯೋಗದ ಫಲಿತಾಂಶ ವರದಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಿ, ಪ್ರೋಟೀನುಗಳ ಸಂಖ್ಯೆಯನ್ನು ಆಮೇಲೆ ಕೇಳಿ.