ಬೆವೆಲ್ ಕನ್ನಡಿಗೆ ಹೆಚ್ಚು ದುಡ್ಡು ಕೊಡಬೇಕೆ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ 20×30 ಸೈಟಿನ ಮನೆ ನಮ್ಮದು. ಹಾಲ್ ಇಕ್ಕಟ್ಟು. ಬೆವೆಲ್ ಕನ್ನಡಿ ಹಾಕಿಸಿದರೆ ದೊಡ್ಡದಾಗಿ ಕಾಣುತ್ತದೆ ಎನ್ನುತ್ತಾರೆ ಇಂಟೀರಿಯರ್‌ನವರು. ರೇಟು ಮಾತ್ರ ಜಾಸ್ತಿ. ಹಾಕಿಸಬಹುದೇ?

ಉತ್ತರ: ಹಾಲ್ ದೊಡ್ಡದಾಗಿ ಕಾಣುವುದು ಕನ್ನಡಿಯಿಂದ. ಆ ಕೆಲಸವನ್ನು ಸಾದಾ ಕನ್ನಡಿಯೂ ಮಾಡುತ್ತದೆ. ಬೆವೆಲ್ ಎಂದರೆ ಗಾಜಿನ ಅಂಚನ್ನು ಅರ್ಧ ಇಂಚೋ ಒಂದು ಇಂಚೋ ಅಗಲಕ್ಕೆ ಇಳಿಜಾರಾಗಿ ಉಜ್ಜಿ ಪಾಲಿಶ್ ಮಾಡಿಸುವುದು. ನೀವು ಹೆಚ್ಚಿಗೆ ಕೊಡುವ ದುಡ್ಡು ಈ ಉಜ್ಜುವ ಕೂಲಿಗೆ ಹೋಗುತ್ತದೆ.

ಹಾಗಾದರೆ ದಂಡವೇ? ಗೋಡೆ ನೋಡಿ ಹೇಳಬೇಕು. ಇಳಿಜಾರಾದ ಅಂಚು ಪಟ್ಟಕದ ಕೆಲಸ ಮಾಡುತ್ತದೆ. ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬಂದು ಅದಕ್ಕೆ ತಾಗಿದರೆ ನೆಲದ ಮೇಲೋ ಎದುರು ಗೋಡೆಯ ಮೇಲೋ ಬಣ್ಣದ ಸಣ್ಣ ಪಟ್ಟಿ ಮೂಡುತ್ತದೆ. ದಸರೆಗೆ ಗೊಂಬೆ ಕೂರಿಸುವವರಾದರೆ ಮೆಟ್ಟಿಲ ಪಕ್ಕದ ಗೋಡೆಗೇ ಹಾಕಿಸಿ. ಪಟ್ಟದ ಗೊಂಬೆ ಕನ್ನಡಿಯ ನಡುವೆ ಒಮ್ಮೆ, ಅಂಚಿನಲ್ಲಿ ಜರುಗಿದಂತೆ ಇನ್ನೊಮ್ಮೆ ಕಾಣುತ್ತದೆ. ಸೀರಿಯಲ್ ಸೆಟ್ಟಿನ ಬಲ್ಬುಗಳಂತೂ ಕೇಳಲೇಬೇಡಿ. ಬಿಸಿಲೇ ಬಾರದ ಪ್ಯಾಸೇಜಿಗೆ ಸಾದಾದ್ದು ಸಾಕು.

ಚಿಕ್ಕ ಕನ್ನಡಿಗೆ ಅಗಲ ಬೆವೆಲ್ ಬೇಡ. 12×18 ಇಂಚಿನದಕ್ಕೆ ಸುತ್ತ ಒಂದಿಂಚು ಉಜ್ಜಿಸಿದರೆ ಮುಖ ನೋಡಲು ಉಳಿಯುವುದು 10×16. ಕಾಲು ಭಾಗ ಅಂಚಿಗೇ ಹೋಯಿತು! ಚೌಕ ತುಂಡುಗಳನ್ನು ಜೋಡಿಸಿ ಗೋಡೆ ತುಂಬಿಸುವುದು ಈಗಿನ ಫ್ಯಾಷನ್. ಡೈನಿಂಗ್ ಪಕ್ಕಕ್ಕೆ ಒಪ್ಪುತ್ತದೆ, ತಲೆ ಬಾಚಿಕೊಳ್ಳಲು ಆಗುವುದಿಲ್ಲ.

ಅಳತೆ ಪಕ್ಕಾ ಮಾಡಿಕೊಂಡೇ ಆರ್ಡರ್ ಕೊಡಿ. ಬಡಗಿ ಆಮೇಲೆ ಒಂದು ಕಡೆ ಕತ್ತರಿಸಿದರೆ ಆ ಕಡೆಯ ಬೆವೆಲ್ ಹೋದಂತೆಯೇ. ತೆಗೆದುಕೊಳ್ಳುವಾಗ ಅಂಗಡಿಯ ಟ್ಯೂಬ್‌ಲೈಟ್ ಅಂಚಿನಲ್ಲಿ ಹೇಗೆ ಕಾಣುತ್ತದೆ ನೋಡಿ. ಗೆರೆ ನೆಟ್ಟಗಿರಬೇಕು, ಅಂಕುಡೊಂಕಾಗಿದ್ದರೆ ಉಜ್ಜಿದ್ದು ಸರಿಯಿಲ್ಲ. ನಾಲ್ಕೂ ಮೂಲೆಗಳಲ್ಲಿ ಇಳಿಜಾರಿನ ಗೆರೆ ಮೂಲೆಯ ತುದಿಗೇ ಬಂದು ಸೇರಬೇಕು.

5 ಮಿ.ಮೀ. ದಪ್ಪದ 3×4 ಅಡಿ ಕನ್ನಡಿ ಸುಮಾರು 14 ಕೆ.ಜಿ. ತೂಗುತ್ತದೆ. ಬರೀ ಅಂಟು ನಂಬಬೇಡಿ, ಹಿಂದೆ ಪ್ಲೈವುಡ್ ಕೊಟ್ಟು ಕ್ಲಿಪ್ ಹಾಕಿಸಿ. ಸಿಲಿಕೋನ್ ಹಚ್ಚುವುದಾದರೆ ವಿನೆಗರ್ ವಾಸನೆಯದು ಬೇಡ, ಅದರ ಆಮ್ಲ ಹಿಂಬದಿಯ ಬೆಳ್ಳಿ ಲೇಪವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದೇ ಕೇಳಿ ತನ್ನಿ. ಒರೆಸುವ ಲಿಕ್ವಿಡ್ ಬಟ್ಟೆಗೆ ಸಿಂಪಡಿಸಿಕೊಳ್ಳಿ. ನೇರ ಕನ್ನಡಿಗೆ ಹೊಡೆದರೆ ಅಂಚಿನಿಂದ ಹಿಂದಕ್ಕೆ ಇಳಿದು ಕಪ್ಪು ಕಲೆ ಹಿಡಿಯುತ್ತದೆ. ಅದನ್ನು ಎಷ್ಟು ತಿಕ್ಕಿದರೂ ಹೋಗುವುದಿಲ್ಲ.