ಮೊದಲು ದುಡ್ಡು, ಆಮೇಲೆ ಷರತ್ತು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರೋ ಆಂಟಿವೈರಸ್ಸೋ ಕೊಂಡರೆ ಮೊದಲು ದುಡ್ಡು ಎಣಿಸಬೇಕು, ಆಮೇಲೆ ಬಾಕ್ಸು ಕೈಗೆ ಬರುತ್ತದೆ. ಮನೆಗೆ ಬಂದು ಒಳಗಿನ ಕಾರ್ಡಿನ ಬೆಳ್ಳಿ ಪಟ್ಟಿ ಕೆರೆದರೆ ಕೀ, ಅಂದರೆ ಸಾಫ್ಟ್‌ವೇರನ್ನು ಚಾಲೂ ಮಾಡುವ ಗುಪ್ತ ಸಂಖ್ಯೆ, ಸಿಗುತ್ತದೆ. ಕೀ ಹಾಕುವ ಹೊತ್ತಿಗೆ ಪರದೆಯ ಮೇಲೆ ಚಿಕ್ಕದೊಂದು ಚೌಕ, ಅದರೊಳಗೆ ಪುಟಗಟ್ಟಲೆ ಇಂಗ್ಲಿಷು, ಕೆಳಗೆ ‘ಐ ಅಗ್ರೀ’. ಷರತ್ತು ಒಪ್ಪಿಗೆಯಾಗದಿದ್ದರೆ ಕೊಂಡಲ್ಲಿಗೇ ಹಿಂದಿರುಗಿಸಿ ಹಣ ವಾಪಸ್ ಪಡೆಯಿರಿ ಎಂಬ ಸಾಲೂ ಎಷ್ಟೋ ಸಲ ಅಲ್ಲಿರುತ್ತದೆ. ಅಂಗಡಿಯ ಬಿಲ್ಲಿನ ಬುಡದಲ್ಲಿ ಮಾತ್ರ ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯಲಾಗುವುದಿಲ್ಲ’ ಎಂದು ಅಚ್ಚಾಗಿರುತ್ತದೆ. ಎರಡೂ ಒಂದೇ ವ್ಯಾಪಾರದ ಕಾಗದಗಳು!

ಗ್ರಾಹಕ ಆಯೋಗದಲ್ಲಿ ವಕೀಲಿ ಮಾಡುವ ನನ್ನ ಬಳಿ ಇಂಥದ್ದೇ ತಕರಾರು ಹೊತ್ತು ಒಬ್ಬ ದಿನಸಿ ಅಂಗಡಿಯವರು ಬಂದಿದ್ದರು. “ಲೈಫ್‌ಟೈಮ್ ಅಂತ ಬಾಕ್ಸಿನ ಮೇಲೇ ಬರ್ದಿದೆ ನೋಡಿ ಸಾರ್” ಎಂದು ಬಾಕ್ಸನ್ನೇ ಮೇಜಿನ ಮೇಲಿಟ್ಟರು. ಹಳೆಯ ಕಂಪ್ಯೂಟರ್ ಕೆಟ್ಟು ಹೊಸದಕ್ಕೆ ಹಾಕಿದಾಗ ಕೀ ನಡೆಯಲಿಲ್ಲ. ಒಳಗಿನ ಕರಾರಿನ ಪ್ರಕಾರ ‘ಲೈಫ್‌ಟೈಮ್’ ಎಂದರೆ ಮೊದಲು ಹಾಕಿದ ಕಂಪ್ಯೂಟರಿನ ಆಯಸ್ಸು, ಅವರದಲ್ಲ. ಅಂಗಡಿಯವನನ್ನು ಕೇಳಿದರೆ, “ಕೀ ಕೆರೆದಾಗಿದೆ, ಕಂಪನಿಯೋರು ನಮ್ಮಿಂದಲೂ ವಾಪಸ್ ತಗೊಳಲ್ಲ” ಎಂದನಂತೆ. ಅವನು ಹೇಳಿದ್ದೂ ನಿಜವೇ. ಷರತ್ತು ಓದಬೇಕೆಂದರೆ ಪಟ್ಟಿ ಕೆರೆಯಬೇಕು, ಕೆರೆದರೆ ವಾಪಸ್ ಇಲ್ಲ. ನಾವು ಲೀಗಲ್ ನೋಟಿಸ್ ಕೊಟ್ಟ ಮೇಲೆ ಕಂಪನಿ ತೆಪ್ಪಗೆ ಹೊಸ ಕೀ ಕಳಿಸಿತು. ಕಕ್ಷಿದಾರರ ಕೆಲಸ ಆಯಿತು, ಷರತ್ತು ಇದ್ದಂತೆಯೇ ಉಳಿಯಿತು. ಇಂಥ ಬಹುಪಾಲು ತಕರಾರುಗಳು ಹೀಗೇ ಮುಗಿಯುತ್ತವೆ. ಗಟ್ಟಿಯಾಗಿ ಕೇಳಿದವನಿಗೆ ಒಂದು ಕೀ ಕೊಟ್ಟು ಕಳಿಸುವುದು ಕಂಪನಿಗೆ ಅಗ್ಗ, ಷರತ್ತನ್ನು ನ್ಯಾಯಾಧೀಶರ ಮುಂದೆ ಸಮರ್ಥಿಸಿಕೊಳ್ಳುವುದು ದುಬಾರಿ.

ವ್ಯವಹಾರ ಕುದುರಿದ ಮೇಲೆ ಹೊರಬರುವ ಷರತ್ತು ಸಾಫ್ಟ್‌ವೇರ್ ಕಾಲದ ಹೊಸ ಸಮಸ್ಯೆಯೇನಲ್ಲ. ಇಂಗ್ಲೆಂಡಿನಲ್ಲಿ 1949ರಲ್ಲೇ ಒಂದು ಹೋಟೆಲ್ ಪ್ರಕರಣ ತೀರ್ಮಾನವಾಗಿತ್ತು. ಕಳವಾದ ವಸ್ತುಗಳಿಗೆ ನಾವು ಹೊಣೆಯಲ್ಲ ಎಂಬ ಫಲಕ ಕೋಣೆಯೊಳಗಿತ್ತು, ಕರಾರು ಆದದ್ದು ಕೆಳಗೆ ರಿಸೆಪ್ಷನ್ನಿನಲ್ಲಿ. ಆಮೇಲೆ ಕಂಡ ಫಲಕ ಅತಿಥಿಯನ್ನು ಕಟ್ಟಿಹಾಕಲಾರದು ಎಂದಿತು ಕೋರ್ಟು. ನಮ್ಮಲ್ಲಿ, ಬಟ್ಟೆ ಕಳೆದರೆ ಬೆಲೆಯ ಶೇ 15ರಷ್ಟು ಮಾತ್ರ ಕೊಡುತ್ತೇವೆ ಎಂದು ರಸೀದಿಯಲ್ಲಿ ಅಚ್ಚು ಹಾಕಿಸಿದ್ದ ಲಾಂಡ್ರಿಯವರ ವಾದವನ್ನು ಮದ್ರಾಸ್ ಹೈಕೋರ್ಟ್ 1960ರ ದಶಕದಲ್ಲಿ ತಳ್ಳಿಹಾಕಿತು.

ಸಾಫ್ಟ್‌ವೇರ್ ಕಂಪನಿಗಳು ಮುಂದಿಡುವುದು ಪ್ರೊಸಿಡಿ ಎಂಬ ಕಂಪನಿಯ ಮೊಕದ್ದಮೆಯಲ್ಲಿ ಬಂದ 1996ರ ಅಮೆರಿಕದ ತೀರ್ಪನ್ನು. 3,000ಕ್ಕೂ ಹೆಚ್ಚು ಟೆಲಿಫೋನ್ ಡೈರೆಕ್ಟರಿಗಳ ಮಾಹಿತಿಯನ್ನು ಆ ಕಂಪನಿ ಸಿ.ಡಿ.ಗಳಲ್ಲಿ ಮಾರುತ್ತಿತ್ತು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಜೈಡೆನ್‌ಬರ್ಗ್ ಎಂಬ ವ್ಯಕ್ತಿ ಅಂಗಡಿಯಿಂದ ಅದನ್ನು ಕೊಂಡು, ಆ ಮಾಹಿತಿಯನ್ನು ಇಂಟರ್ನೆಟ್‌ನಲ್ಲಿ ಅಗ್ಗಕ್ಕೆ ಮಾರಲು ಕೂತ. ವಾಣಿಜ್ಯ ಬಳಕೆ ಕೂಡದು ಎಂಬ ಷರತ್ತು ಬಾಕ್ಸಿನೊಳಗಿತ್ತು. ಕೆಳಗಿನ ಕೋರ್ಟು ಅವನ ಪರ ಹೇಳಿತ್ತು. ಮೇಲ್ಮನವಿಯಲ್ಲಿ ನ್ಯಾಯಾಧೀಶ ಈಸ್ಟರ್‌ಬ್ರೂಕ್ ಅದನ್ನು ತಿರುಗಿಸಿದರು. ಒಳಗೆ ಷರತ್ತಿದೆ ಎಂದು ಬಾಕ್ಸಿನ ಹೊರಗೇ ಸೂಚನೆಯಿದೆ, ಓದಿ ನೋಡಲು ಅವಕಾಶವಿದೆ, ಒಪ್ಪದಿದ್ದರೆ ಹಿಂದಿರುಗಿಸಿ ಹಣ ಪಡೆಯಬಹುದು, ಹಾಗಾಗಿ ಕರಾರು ಸಿಂಧು ಎಂಬುದು ಅವರ ತರ್ಕ. ಜೈಡೆನ್‌ಬರ್ಗ್ ಬಗ್ಗೆ ನನಗೂ ಅಂಥ ಮರುಕವೇನಿಲ್ಲ. ಆದರೆ ಆ ತೀರ್ಪು ನಿಂತಿರುವುದೇ ಹಿಂದಿರುಗಿಸುವ ಹಕ್ಕಿನ ಮೇಲೆ. ಕಂಪನಿಗಳು ತೀರ್ಪನ್ನು ಇಟ್ಟುಕೊಂಡವು, ಹಣ ವಾಪಸಿನ ಜವಾಬ್ದಾರಿಯನ್ನು ಅಂಗಡಿಯವನ ತಲೆಗೆ ಕಟ್ಟಿದವು, ಅವನು ‘ಮಾರಿದ ಮಾಲು ವಾಪಸ್ ಇಲ್ಲ’ ಎಂದು ಅಚ್ಚು ಹಾಕಿಸಿದ.

ನಮ್ಮ ಕಾಯ್ದೆ ಏನನ್ನುತ್ತದೆ? 2006ರ 199ನೇ ವರದಿಯಲ್ಲಿ ಕಾನೂನು ಆಯೋಗ ಕರಾರಿನ ಅನ್ಯಾಯವನ್ನು ಎರಡಾಗಿ ನೋಡಿತ್ತು: ಕರಾರು ಆದ ರೀತಿಯಲ್ಲಿರುವ ಅನ್ಯಾಯ, ಷರತ್ತಿನ ತಿರುಳಿನಲ್ಲೇ ಇರುವ ಅನ್ಯಾಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(46) ‘ಅನ್ಯಾಯದ ಕರಾರು’ ಏನೆಂದು ಹೇಳುವಾಗ ಮುಖ್ಯವಾಗಿ ಎರಡನೆಯದನ್ನೇ ಹಿಡಿದುಕೊಂಡಿದೆ. ವಿಪರೀತ ಠೇವಣಿ, ನಷ್ಟಕ್ಕೆ ಮೀರಿದ ದಂಡ, ಕಾರಣವಿಲ್ಲದೆ ಏಕಪಕ್ಷೀಯವಾಗಿ ಕರಾರು ಮುರಿಯುವುದು ಇತ್ಯಾದಿ. ಷರತ್ತನ್ನು ಯಾವಾಗ ತೋರಿಸಿದರು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇಲ್ಲ. ನನ್ನ ದೃಷ್ಟಿಯಲ್ಲಿ ಕಾಯ್ದೆಯ ದೊಡ್ಡ ಕೊರತೆ ಇದೇ. ಒಳ್ಳೆಯ ಷರತ್ತನ್ನೇ ಆದರೂ ದುಡ್ಡು ತೆಗೆದುಕೊಂಡ ಮೇಲೆ ತೋರಿಸಿದರೆ ಕೊಳ್ಳುವವನಿಗೆ ಬೇರೆ ಕಂಪನಿಯದರ ಜೊತೆ ಹೋಲಿಸಿ ನೋಡುವ ದಾರಿಯೇ ಇರುವುದಿಲ್ಲ.

ಇನ್ನೊಂದು ತೊಡಕು ಕಟ್ಟೆ ಹತ್ತಿದವರಿಗೆ ಮಾತ್ರ ಗೊತ್ತು. ಅನ್ಯಾಯದ ಕರಾರೆಂದು ದೂರುವ ಅರ್ಜಿಯನ್ನು ಜಿಲ್ಲಾ ಆಯೋಗ ತೆಗೆದುಕೊಳ್ಳುವಂತಿಲ್ಲ. ₹10 ಕೋಟಿವರೆಗಿನದೆಲ್ಲ ರಾಜ್ಯ ಆಯೋಗಕ್ಕೇ ಹೋಗಬೇಕು. ₹2,000 ಕೊಟ್ಟು ಕೊಂಡ ಸಾಫ್ಟ್‌ವೇರಿನ ಒಂದು ಷರತ್ತನ್ನು ರದ್ದು ಮಾಡಿಸಲು ಬೀದರಿನವರೂ ರಾಜ್ಯ ಆಯೋಗದ ಬಾಗಿಲನ್ನೇ ತಟ್ಟಬೇಕು.

ಮಾರಾಟವೋ ಪರವಾನಗಿಯೋ ಎಂಬ ಜಗಳ ಬೇರೆಯೇ ಇದೆ. ‘ಇದನ್ನು ನಿಮಗೆ ಮಾರಿಲ್ಲ, ಬಳಸಲು ಪರವಾನಗಿ ಕೊಟ್ಟಿದ್ದೇವಷ್ಟೆ’ ಎಂಬುದು ಇಂಥ ಕರಾರುಗಳ ಮಾಮೂಲಿ ಸಾಲು. ಆದಾಯ ತೆರಿಗೆಯ ವಿಷಯ ಬಂದಾಗ ಪಾತ್ರ ಅದಲುಬದಲಾಯಿತು. ವಿದೇಶಿ ಸಾಫ್ಟ್‌ವೇರಿಗೆ ಕೊಟ್ಟ ಹಣ ರಾಯಲ್ಟಿ, ಅಂದರೆ ಬಳಕೆಯ ಹಕ್ಕಿಗೆ ಕೊಟ್ಟ ಹಣ, ಅದಕ್ಕೆ ಇಲ್ಲಿ ತೆರಿಗೆಯುಂಟು ಎಂದು 2011ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತ್ತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ, ಇದು ಸರಕಿನ ಮಾರಾಟ ಎಂದಿತು. ಹಾಗೆ ವಾದಿಸಿ ಗೆದ್ದವರು ಉದ್ಯಮದವರೇ. ತೆರಿಗೆಯವರ ಮುಂದೆ ಮಾರಾಟ, ಗ್ರಾಹಕರ ಮುಂದೆ ಪರವಾನಗಿ.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಬಂದಿದೆ. ಕೊಡುತ್ತಿರುವುದು ಪರವಾನಗಿ ಮಾತ್ರ ಎಂದಾದರೆ ಅದನ್ನು ಕೊಳ್ಳುವ ಹೊತ್ತಿನಲ್ಲೇ ಸ್ಪಷ್ಟವಾಗಿ ಹೇಳದೆ ಡಿಜಿಟಲ್ ಸರಕಿಗೆ ‘ಬೈ’ ಎಂಬ ಗುಂಡಿ ಇಡುವಂತಿಲ್ಲ. ನಮ್ಮಲ್ಲೂ ಇದು ಕಷ್ಟವೇನಲ್ಲ. ಬಾಕ್ಸಿನ ಬೆನ್ನಿಗೆ ಆರೇಳು ಸಾಲು ಸಾಕು: ಎಷ್ಟು ಕಂಪ್ಯೂಟರು, ಎಷ್ಟು ಕಾಲ, ಬದಲಾಯಿಸಬಹುದೇ, ಯಾರು ಹಣ ವಾಪಸ್ ಕೊಡುತ್ತಾರೆ. ಕರ್ನಾಟಕದಲ್ಲಿ ಮಾರುವುದಾದರೆ ಕನ್ನಡದಲ್ಲಿ.

ಅಲ್ಲಿಯವರೆಗೆ, ಕೊಳ್ಳುವ ಮುಂಚೆ ಬಾಕ್ಸಿನ ಆರೂ ಮಗ್ಗುಲಿನ ಫೋಟೊ ತೆಗೆದಿಟ್ಟುಕೊಳ್ಳಿ, ಇನ್‌ಸ್ಟಾಲ್ ಮಾಡುವಾಗ ಕಾಣುವ ಕರಾರನ್ನು ಉಳಿಸಿಕೊಳ್ಳಿ. ಒಪ್ಪಿಗೆಯಾಗದಿದ್ದರೆ ‘ಐ ಅಗ್ರೀ’ ಒತ್ತದೆ ಅದೇ ದಿನ ಅಂಗಡಿಗೂ ಕಂಪನಿಗೂ ಇಮೇಲ್ ಮಾಡಿ. ಕರಾರಿನಲ್ಲೇ ಹಣ ವಾಪಸಿನ ಮಾತಿದ್ದರೆ, ಅದನ್ನು ನಡೆಸಿಕೊಡಿ ಎಂದಷ್ಟೇ ಕೇಳಿ ಜಿಲ್ಲಾ ಆಯೋಗಕ್ಕೇ ಹೋಗಬಹುದು. ₹5 ಲಕ್ಷದವರೆಗೆ ಶುಲ್ಕವಿಲ್ಲ. ಅಂಗಡಿಗೆಂದು ಕೊಂಡದ್ದಾದರೆ, ಅದು ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಎಂದು ದೂರಿನಲ್ಲಿ ಬರೆಯಲು ಮರೆಯಬೇಡಿ, ಇಲ್ಲವಾದರೆ ನೀವು ಗ್ರಾಹಕರೇ ಅಲ್ಲ ಎಂಬ ತಕರಾರು ಮೊದಲ ದಿನವೇ ಬರುತ್ತದೆ. ವ್ಯಾಜ್ಯವನ್ನು ಮಧ್ಯಸ್ಥಿಕೆದಾರರ ಮುಂದೆಯೇ ತರಬೇಕು ಎಂಬ ಷರತ್ತಿಗೆ ಹೆದರಬೇಕಿಲ್ಲ. ಅಂಥ ಷರತ್ತು ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.