ಬಲ್ಕ್ ಡೆನ್ಸಿಟಿ ಅಂದ್ರೇನು? ಸಿಎಫ್‌ಟಿನ ಟನ್‌ಗೆ ತಿರುಗಿಸೋ ಲೆಕ್ಕ

ಮನೆ ಕಟ್ಟಿಸೋರಿಗೆ ಈ ತಲೆನೋವು ಇದ್ದಿದ್ದೇ. ಇಂಜಿನಿಯರ್ ಎಸ್ಟಿಮೇಟ್‌ನಲ್ಲಿ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸೋ ಮರಳು) ಇಷ್ಟು ಸಿಎಫ್‌ಟಿ (ಕ್ಯೂಬಿಕ್ ಫೀಟ್, ಅಂದ್ರೆ ಘನ ಅಡಿ), ಜಲ್ಲಿ ಇಷ್ಟು ಸಿಎಫ್‌ಟಿ ಅಂತ ಬರ್ದಿರ್ತಾರೆ, ಕ್ರಷರ್‌ಗೆ ಫೋನ್ ಮಾಡಿದ್ರೆ ಅವ್ರು ಟನ್‌ಗೆ ಇಷ್ಟು ಅಂತಾರೆ, ಆಮೇಲೆ ಎಲ್ರೂ ಕೇಳೋ ಪ್ರಶ್ನೆ ಒಂದೇ, "ಒಂದು ಸಿಎಫ್‌ಟಿಗೆ ಎಷ್ಟು ಕೆಜಿ ಸಾರ್?" ಅಂತ. ಯಾವ ಮಾಲು ಅಂತ ಹೇಳದೆ ಇದಕ್ಕೆ ಉತ್ತರಾನೇ ಇಲ್ಲ. ಸಿಎಫ್‌ಟಿ ಅನ್ನೋದು ಬರೀ ಜಾಗದ ಅಳತೆ, ಸುಮಾರು 28.3 ಲೀಟರ್. ಅಷ್ಟು ಜಾಗದಲ್ಲಿ ನೀರು ತುಂಬಿದ್ರೆ 28 ಕೆಜಿ ಚಿಲ್ಲರೆ, ಗಟ್ಟಿ ಉಕ್ಕು ತುಂಬಿದ್ರೆ 222 ಕೆಜಿ.

ಗಾತ್ರ, ತೂಕ ಈ ಎರಡನ್ನೂ ಜೋಡಿಸೋದೇ ಸಾಂದ್ರತೆ, ಅಂದ್ರೆ ಡೆನ್ಸಿಟಿ. ಗಾತ್ರನ ಸಾಂದ್ರತೆಯಿಂದ ಗುಣಿಸಿದ್ರೆ ತೂಕ, ತೂಕನ ಸಾಂದ್ರತೆಯಿಂದ ಭಾಗಿಸಿದ್ರೆ ಗಾತ್ರ, ಅಷ್ಟೇ. ಯೂನಿಟ್ ಮಾತ್ರ ನೋಡ್ಕೊಳ್ಳಿ, ಲೀಟರ್‌ಗೆ ಕೆಜಿ ಲೆಕ್ಕದಲ್ಲಿ 7.85 ಇರೋ ಉಕ್ಕು ಕ್ಯೂಬಿಕ್ ಮೀಟರ್ ಲೆಕ್ಕದಲ್ಲಿ 7850 ಕೆಜಿ ಆಗುತ್ತೆ. ಸೈಟಲ್ಲಿ ಕಂಬಿ ತೂಕಕ್ಕೆ "ಡಯಾನ ಡಯಾದಿಂದ ಗುಣಿಸಿ 162ರಿಂದ ಭಾಗಿಸು" ಅಂತಾರಲ್ಲ (ಡಯಾ ಅಂದ್ರೆ ಎಂಎಂನಲ್ಲಿ ಕಂಬಿಯ ದಪ್ಪ, ಬರೋ ಉತ್ತರ ಮೀಟರ್‌ಗೆ ಕೆಜಿ), ಅದು ಬಂದಿದ್ದೂ ಈ 7850ರಿಂದಾನೇ. 12 ಎಂಎಂ ಕಂಬಿ ಮೀಟರ್‌ಗೆ 0.89 ಕೆಜಿ, 12 ಮೀಟರ್ ಉದ್ದದ ಒಂದು ಕಂಬಿ ಹತ್ತತ್ರ 10.7 ಕೆಜಿ. ಉಕ್ಕಲ್ಲಿ ಸಂದು ಇಲ್ಲ, ಅದಕ್ಕೆ ಲೆಕ್ಕ ಸಲೀಸು.

ಕಷ್ಟ ಶುರುವಾಗೋದು ಜಲ್ಲಿ, ಮರಳು, ಸಿಮೆಂಟ್ ತರದ ಬಿಡಿ ಮಾಲಿನಲ್ಲಿ. ಗ್ರಾನೈಟ್ ಕಲ್ಲಿನ ಸಾಂದ್ರತೆ ಕ್ಯೂಬಿಕ್ ಮೀಟರ್‌ಗೆ ಸುಮಾರು 2650 ಕೆಜಿ ಅಂತ ಪುಸ್ತಕದಲ್ಲಿ ಇದೆ ಅಂತ ಅದನ್ನೇ ಹಾಕಿ 100 ಸಿಎಫ್‌ಟಿ ಜಲ್ಲಿಗೆ ಲೆಕ್ಕ ಮಾಡಿದ್ರೆ ಏಳೂವರೆ ಟನ್ ಬರುತ್ತೆ, ನಿಜವಾಗಿ ತೂಗಿದ್ರೆ ಅದು ನಾಲ್ಕು ಕಾಲು ಟನ್ ಆಸುಪಾಸು ಇರುತ್ತೆ. ಮಿಕ್ಕಿದ್ದು ಯಾರೂ ಕದ್ದಿಲ್ಲ, ಕಲ್ಲು ಕಲ್ಲಿನ ಮಧ್ಯೆ ಇರೋ ಗಾಳಿ. ಈ ಸಂದುಗಳನ್ನೂ ಸೇರಿಸಿ ತೆಗೆದ ಸಾಂದ್ರತೆಗೇ ಬಲ್ಕ್ ಡೆನ್ಸಿಟಿ ಅನ್ನೋದು. 20 ಎಂಎಂ ಜಲ್ಲಿಗೆ ಕ್ಯೂಬಿಕ್ ಮೀಟರ್‌ಗೆ ಸುಮಾರು 1500 ಕೆಜಿ ಹಿಡಿಬಹುದು, ಒಣ ಮರಳಿಗೆ 1600, ಅಂದ್ರೆ ಸಿಎಫ್‌ಟಿಗೆ 45 ಕೆಜಿ. ಎಂ ಸ್ಯಾಂಡ್‌ನಲ್ಲಿ ಪುಡಿ ಜಾಸ್ತಿ ಇದ್ರೆ ಇನ್ನೂ ಏರುತ್ತೆ. ಸಿಮೆಂಟ್ ಕಣದ ಸಾಂದ್ರತೆ 3150, ಆದ್ರೆ ಚೀಲದ ಲೆಕ್ಕಕ್ಕೆ 1440 ಹಿಡಿಯೋದು, ಹಾಗಾಗಿ 50 ಕೆಜಿ ಚೀಲ ಅಂದ್ರೆ 35 ಲೀಟರ್‌ಗೆ ಒಂಚೂರು ಕಮ್ಮಿ.

ಇನ್ನು ಒದ್ದೆ ಮರಳು, ಅದೇ ನಿಜವಾದ ತಮಾಷೆ. ಸ್ವಲ್ಪ ನೀರು ಸೇರಿದ್ರೆ ತೂಕ ಜಾಸ್ತಿ ಆಗೋದು ಗೊತ್ತೇ ಇದೆ, ಆದ್ರೆ ಗಾತ್ರಾನೂ ಉಬ್ಬುತ್ತೆ, ಕಣಗಳ ಮೇಲೆ ತೆಳ್ಳಗೆ ಕೂತ ನೀರಿನ ಪೊರೆ ಅವನ್ನ ಹತ್ರ ಸೇರೋಕೆ ಬಿಡಲ್ಲ. ಇದಕ್ಕೆ ಬಲ್ಕಿಂಗ್ ಅಂತಾರೆ, ಸಣ್ಣ ಮರಳಲ್ಲಿ ಕಾಲು ಭಾಗ ಉಬ್ಬೋದೂ ಉಂಟು. ಅಂದ್ರೆ ಸಿಎಫ್‌ಟಿ ಲೆಕ್ಕದಲ್ಲಿ ತಗೊಂಡ್ರೆ ಗಾಳಿಗೆ ದುಡ್ಡು, ಟನ್ ಲೆಕ್ಕದಲ್ಲಿ ತಗೊಂಡ್ರೆ ನೀರಿಗೆ ದುಡ್ಡು. ಒಣ ತೂಕದ ಮೇಲೆ 5% ತೇವ ಇದ್ರೆ 10 ಟನ್ ಲೋಡಲ್ಲಿ ಸುಮಾರು 475 ಕೆಜಿ ಬರೀ ನೀರು. ನನ್ನ ಕೇಳಿದ್ರೆ ಟನ್ನೇ ವಾಸಿ, ನಷ್ಟ 5% ಹತ್ರ ನಿಲ್ಲುತ್ತೆ, 25% ಆಗಲ್ಲ.

ಉಬ್ಬಿರೋದನ್ನ ಚೆಕ್ ಮಾಡೋಕೆ ಲ್ಯಾಬ್ ಏನೂ ಬೇಡ. ನೆಟ್ಟಗೆ ನಿಲ್ಲೋ ಒಂದು ಡಬ್ಬದಲ್ಲಿ ಒದ್ದೆ ಮರಳನ್ನ ಒತ್ತದೆ 30 ಸೆಂಟಿಮೀಟರ್ ತುಂಬಿ, ಇನ್ನೊಂದಕ್ಕೆ ಸುರ್ಕೊಂಡು ಮೊದಲ ಡಬ್ಬಕ್ಕೆ ಅರ್ಧ ನೀರು ಹಾಕಿ, ಮರಳನ್ನ ಅದರೊಳಗೆ ಬಿಡ್ತಾ ಕೋಲಲ್ಲಿ ಕದಡಿ. ನೀರಲ್ಲಿ ಪೂರ್ತಿ ಮುಳುಗಿದ ಮರಳು ಉಬ್ಬಿರಲ್ಲ, ಒಣ ಮರಳಿನಷ್ಟೇ ಜಾಗ ಹಿಡಿಯುತ್ತೆ. 24ಕ್ಕೆ ಇಳಿದ್ರೆ 25% ಉಬ್ಬಿತ್ತು ಅಂತ.

ಟಿಪ್ಪರ್ ಬಾಡಿ ಅಳತೆ ಮಾಡೋದಾದ್ರೆ ಒಂದು ಮಾತು, ಕ್ರಷರ್‌ನಲ್ಲಿ ತುಂಬಿದ ಜಲ್ಲಿ ದಾರಿಲಿ ಕುಲುಕಿ ಕೆಳಗೆ ಕೂರುತ್ತೆ, ಸೈಟ್‌ಗೆ ಬರೋ ಹೊತ್ತಿಗೆ ಸಿಎಫ್‌ಟಿ ಕಮ್ಮಿ ಕಾಣುತ್ತೆ, ತೂಕ ಮಾತ್ರ ಅಷ್ಟೇ ಇರುತ್ತೆ. ಡ್ರೈವರ್ ಜೊತೆ ಜಗಳಕ್ಕೆ ಬೀಳೋ ಮುಂಚೆ ವೇ ಬ್ರಿಡ್ಜ್ (ಗಾಡಿ ಸಮೇತ ತೂಗೋ ಜಾಗ) ಚೀಟಿ ಕೇಳಿ, ಅದರಲ್ಲಿ ಖಾಲಿ ಗಾಡಿ ತೂಕಾನೂ ಇದ್ಯಾ ನೋಡಿ.